ಬೊಂಬಾಯಿ ಟೈಮಿಗೂ ಐನ್‌ಸ್ಟೀನ್ ಟೈಮಿಗೂ ಏನು ಸಂಬಂಧ?

ಕಳೆದ ಸಂಚಿಕೆಯಲ್ಲಿ ಸಂಪಾದಕರು ‘ಕಾಲದ ಬಗ್ಗೆ ವಿಜ್ಞಾನ ಏನು ಹೇಳುತ್ತದೆ, ಕೇಳಿ’ ಎಂದು ಒಂದು ಸಾಲು ಅಚ್ಚು ಹಾಕಿಸಿದ್ದರು. ಅದರ ಫಲವಾಗಿ ಡೊಂಬಿವಲಿಯ ನನ್ನ ಮೇಜಿನ ಮೇಲೆ ಪತ್ರಗಳ ಗುಡ್ಡೆ ಬಿದ್ದಿದೆ. ಮಗಳಿಗೆ ಕಂಕಣಬಲ ಯಾವಾಗ ಕೂಡಿಬರುತ್ತದೆ ಎಂದು ಕೇಳಿದವರ ಪತ್ರಗಳನ್ನು ಗೌರವದಿಂದಲೇ ಬದಿಗಿಟ್ಟಿದ್ದೇನೆ. ನಾನು ಫೋರ್ಟಿನ ಕನ್ನಡ ರಾತ್ರಿಶಾಲೆಯೊಂದರಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು; ಅದಕ್ಕಿಂತ ದೊಡ್ಡ ಗ್ರಹಬಲ ನನ್ನಲ್ಲಿಲ್ಲ.

ಪ್ರಶ್ನೆ: ನಾನು 1949ರಲ್ಲಿ ಕುಂದಾಪುರದ ಕಡೆಯಿಂದ ಬೊಂಬಾಯಿಗೆ ಬಂದು ಹೋಟೆಲೊಂದರಲ್ಲಿ ಮಾಣಿಯಾಗಿ ಸೇರಿದವನು. ಆಗ ಗಂಟೆ ಎಷ್ಟೆಂದು ಹೇಳಿದರೆ ‘ಬೊಂಬಾಯಿ ಟೈಮೋ, ಸ್ಟ್ಯಾಂಡರ್ಡ್ ಟೈಮೋ’ ಎಂದು ಹಿರಿಯರು ತಿರುಗಿ ಕೇಳುತ್ತಿದ್ದರು. ಎರಡರ ನಡುವೆ 39 ನಿಮಿಷ ವ್ಯತ್ಯಾಸ. ಆಮೇಲೆ ಎಲ್ಲರಿಗೂ ಒಂದೇ ಟೈಮು ಆಯಿತು. ಐನ್‌ಸ್ಟೀನ್ ‘ಎಲ್ಲರಿಗೂ ಒಂದೇ ಕಾಲ ಇಲ್ಲ’ ಎಂದದ್ದು ಇದನ್ನೇ ಅಲ್ಲವೇ?
– ಮಾಟುಂಗದ ಹಿರಿಯ ಓದುಗರು

ಉತ್ತರ: ಅಲ್ಲ ಸ್ವಾಮಿ. ಆದರೂ ಗುಡ್ಡೆಯಿಂದ ಮೊದಲು ಎತ್ತಿಕೊಂಡದ್ದು ನಿಮ್ಮ ಪತ್ರವನ್ನೇ. ಈ ಎರಡು ಸಂಗತಿಗಳನ್ನು ಬಿಡಿಸಿ ನೋಡಿದರೆ ಉಳಿದ ಪತ್ರಗಳ ಅರ್ಧ ಗೊಂದಲ ತೀರುತ್ತದೆ.

ಬೊಂಬಾಯಿ ಟೈಮು ಸೂರ್ಯನ ಲೆಕ್ಕ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. ಸ್ಟ್ಯಾಂಡರ್ಡ್ ಟೈಮಿಗೆ ಆಧಾರವಾದ ರೇಖಾಂಶ 82.5 ಡಿಗ್ರಿ, ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುತ್ತದೆ. ಬೊಂಬಾಯಿ ಇರುವುದು 73 ಡಿಗ್ರಿಗೆ ಚೂರು ಈಚೆ. ಹಾಗಾಗಿ ಇಲ್ಲಿ ಸೂರ್ಯ ನೆತ್ತಿಗೆ ಬರುವುದು 39 ನಿಮಿಷ ತಡವಾಗಿ. 1906ರ ಜನವರಿ 1ರಂದು ಸ್ಟ್ಯಾಂಡರ್ಡ್ ಟೈಮು ಜಾರಿಗೆ ಬಂದಾಗ ಈ ನಗರ ಸುಲಭಕ್ಕೆ ಬಗ್ಗಲಿಲ್ಲ. ಗಿರಣಿಯ ಭೋಂಗಾ 39 ನಿಮಿಷ ಮೊದಲೇ ಕೂಗಿದರೆ ಚಾಳಿನಲ್ಲಿ ಮಲಗಿದವನು ಅಷ್ಟು ಮೊದಲೇ ಏಳಬೇಕಲ್ಲ! ಜೇಕಬ್ ಸರ್ಕಲ್ ಬಳಿಯ ಗಿರಣಿ ಕಾರ್ಮಿಕರು ಅದೇ ತಿಂಗಳು ಕೆಲಸ ನಿಲ್ಲಿಸಿ ಪ್ರತಿಭಟಿಸಿದರು. ನಗರಪಾಲಿಕೆಯೂ ಹಳೆಯ ಟೈಮನ್ನೇ ಹಿಡಿದು ಕೂತಿತು. ಸ್ವಾತಂತ್ರ್ಯ ಬಂದ ಮೇಲೂ ಎರಡು ಟೈಮು ಚಾಲ್ತಿಯಲ್ಲಿದ್ದುದಕ್ಕೆ ನೀವೇ ಸಾಕ್ಷಿ.

ಗಮನಿಸಿ, ಈ ಜಗಳವೆಲ್ಲ ಗಡಿಯಾರದ ಮುಳ್ಳು ಎಲ್ಲಿ ನಿಲ್ಲಬೇಕು ಎಂಬುದಕ್ಕೆ. ಮುಳ್ಳಿನ ಓಟದ ಬಗ್ಗೆ ಯಾರದೂ ತಕರಾರು ಇರಲಿಲ್ಲ. ಬೊಂಬಾಯಿ ಟೈಮಿನ ಒಂದು ಗಂಟೆಯೂ ಮದ್ರಾಸ್ ಟೈಮಿನ ಒಂದು ಗಂಟೆಯೂ ಒಂದೇ ಉದ್ದ. 1687ರಲ್ಲಿ ನ್ಯೂಟನ್ ಬರೆದಿಟ್ಟದ್ದೂ ಅದನ್ನೇ: ಕಾಲ ಯಾರ ಹಂಗೂ ಇಲ್ಲದೆ ಎಲ್ಲ ಕಡೆ ಒಂದೇ ಸಮ ಹರಿಯುತ್ತದೆ.

1905ರ ಜೂನ್‌ನಲ್ಲಿ, ಅಂದರೆ ನಮ್ಮ ಸ್ಟ್ಯಾಂಡರ್ಡ್ ಟೈಮು ಬರುವ ಆರು ತಿಂಗಳ ಮುಂಚೆ, ಸ್ವಿಟ್ಜರ್‌ಲೆಂಡಿನ ಬರ್ನ್ ನಗರದ ಪೇಟೆಂಟ್ ಕಚೇರಿಯ ನೌಕರನೊಬ್ಬ ಕೈಹಾಕಿದ್ದು ಓಟಕ್ಕೆ. ಊರೂರಿನ ಗಡಿಯಾರಗಳನ್ನು ತಂತಿಯ ಸಂಕೇತದಿಂದ ಹೊಂದಿಸುವ ಉಪಕರಣಗಳಿಗೆ ಪೇಟೆಂಟ್ ಕೇಳಿ ಅರ್ಜಿಗಳು ಆ ಕಚೇರಿಗೆ ಬರುತ್ತಿದ್ದ ಕಾಲ ಅದು. ಆ ನೌಕರ, ಐನ್‌ಸ್ಟೀನ್, ಸಾಪೇಕ್ಷತೆ ಎಂದು ಹೆಸರಾದ ಸಿದ್ಧಾಂತದಲ್ಲಿ ಹೇಳಿದ್ದು ಇಷ್ಟು. ಒಂದೇ ಕಾರ್ಖಾನೆಯ, ಒಂದೇ ಗುಣದ ಎರಡು ಗಡಿಯಾರಗಳನ್ನು ಒಂದೇ ಜಾಗದಲ್ಲಿ ಹೊಂದಿಸಿ, ಬೇರೆ ಬೇರೆ ದಾರಿಯಲ್ಲಿ ತಿರುಗಾಡಿಸಿ ಮತ್ತೆ ಒಂದೆಡೆ ತಂದರೆ ಎರಡೂ ಬೇರೆ ಬೇರೆ ಗಂಟೆ ತೋರಿಸಬಹುದು. ಎರಡೂ ಕೆಟ್ಟಿರುವುದಿಲ್ಲ. ಎರಡೂ ತಮ್ಮ ತಮ್ಮ ದಾರಿಯ ಕಾಲವನ್ನು ಸರಿಯಾಗಿಯೇ ಎಣಿಸಿರುತ್ತವೆ. 39 ನಿಮಿಷವನ್ನು ಒಂದು ಆದೇಶದಿಂದ ಅಳಿಸಬಹುದು. ಈ ವ್ಯತ್ಯಾಸವನ್ನು ಯಾವ ಸರಕಾರವೂ ಅಳಿಸಲಾರದು.

ಪ್ರಶ್ನೆ: ಊರಿನಿಂದ ಪ್ರತಿ ವರ್ಷ ಉಡುಪಿಯ ಪಂಚಾಂಗ ತರಿಸುತ್ತೇವೆ. ಸೂರ್ಯೋದಯ ಇಲ್ಲಿಗೆ ಹೊಂದುವುದಿಲ್ಲ. ಇದೂ ಸಾಪೇಕ್ಷತೆಯೇ?
– ಕಾಂದಿವಲಿಯ ಓದುಗರು

ಉತ್ತರ: ಇದು ಮುಳ್ಳಿನ ಜಾಗದ ಲೆಕ್ಕ, ಐನ್‌ಸ್ಟೀನರನ್ನು ಕರೆಯಬೇಕಿಲ್ಲ. ರೇಖಾಂಶದ ಅಂತರದಿಂದ ಮುಂಬೈ ಉಡುಪಿಗಿಂತ ಏಳೆಂಟು ನಿಮಿಷ ಹಿಂದೆ. ಅದರ ಮೇಲೆ ಅಕ್ಷಾಂಶದ ವ್ಯತ್ಯಾಸವೂ ಸೇರುತ್ತದೆ. ಡಿಸೆಂಬರ್ ಕೊನೆಗೆ ಇಲ್ಲಿ ಸೂರ್ಯೋದಯ ಉಡುಪಿಗಿಂತ ಸುಮಾರು 20 ನಿಮಿಷ ತಡ, ಜೂನ್ ಕೊನೆಗೆ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಪಂಚಾಂಗ ಕಟ್ಟುವವರಿಗೆ ಇದು ಹಿಂದಿನಿಂದಲೂ ಗೊತ್ತು. ದೇಶಾಂತರ ಸಂಸ್ಕಾರ, ಚರ ಸಂಸ್ಕಾರ ಎನ್ನುವುದು ಇದನ್ನೇ.

ಪ್ರಶ್ನೆ: ಮೂವತ್ತೈದು ವರ್ಷ ವಿರಾರ್‌–ಚರ್ಚ್‌ಗೇಟ್ ಲೋಕಲ್‌ನಲ್ಲಿ ಓಡಾಡಿ ಈಗ ನಿವೃತ್ತಳಾಗಿದ್ದೇನೆ. ನಮ್ಮ ಯಜಮಾನರದು ಮನೆಯ ಕೆಳಗೇ ಅಂಗಡಿ. ಹನ್ನೆರಡನೇ ತರಗತಿಯ ಮೊಮ್ಮಗ ‘ಓಡುವವರಿಗೆ ಕಾಲ ನಿಧಾನ, ಅಜ್ಜಿ, ನೀವು ಅಜ್ಜನಿಗಿಂತ ಕಡಿಮೆ ಮುದುಕಿಯಾಗಿದ್ದೀರಿ’ ಎಂದು ಛೇಡಿಸುತ್ತಾನೆ. ನಿಜವೇ?
– ವಿರಾರ್‌ನ ಓದುಗರು

ಉತ್ತರ: ನಿಜ. ಎಷ್ಟೆಂದು ಲೆಕ್ಕ ಹಾಕಿಯೇ ಬಿಡೋಣ. ಒಂದು ಕಡೆಗೆ 60 ಕಿ.ಮೀ.; ನಿಲ್ದಾಣಗಳಲ್ಲಿ ನಿಲ್ಲುವುದನ್ನು ಬಿಟ್ಟರೆ ಒಂದು ಗಂಟೆಯ ಓಟ ಎಂದಿಟ್ಟುಕೊಳ್ಳಿ. ಹೋಗಿಬರಲು ಎರಡು ಗಂಟೆ, ವರ್ಷಕ್ಕೆ 300 ದಿನ, 35 ವರ್ಷ. ಒಟ್ಟು 21,000 ಗಂಟೆ, 12 ಲಕ್ಷ ಕಿ.ಮೀ. ದಾಟಿತು. ವೇಗದ ವರ್ಗವನ್ನು ಬೆಳಕಿನ ವೇಗದ ವರ್ಗದ ಎರಡರಷ್ಟರಿಂದ ಭಾಗಿಸಿ ಈ ಹೊತ್ತಿನಿಂದ ಗುಣಿಸಿದರೆ ಸುಮಾರು 120 ನ್ಯಾನೊಸೆಕೆಂಡ್ ಬರುತ್ತದೆ. ಸೆಕೆಂಡನ್ನು ಒಂದು ಕೋಟಿ ಹೋಳು ಮಾಡಿದರೆ ಒಂದು ಹೋಳಿಗಿಂತ ತುಸು ಹೆಚ್ಚು. ಯಜಮಾನರಿಗಿಂತ ನೀವು ಅಷ್ಟು ಚಿಕ್ಕವರಾಗಿದ್ದೀರಿ. ಲೇಡೀಸ್ ಡಬ್ಬಿಯಲ್ಲಿ ನಿಂತುಕೊಂಡೇ ಪಟ್ಟ ಪಾಡಿಗೆ ಇದು ಪರಿಹಾರವಾಗದು ಎಂದು ಬಲ್ಲೆ.

ಇಷ್ಟು ಚಿಕ್ಕದನ್ನು ಯಾರು ಅಳೆದರು? 1971ರಲ್ಲಿ ಹೇಫೆಲೆ ಮತ್ತು ಕೀಟಿಂಗ್ ಎಂಬ ಅಮೆರಿಕದ ಇಬ್ಬರು ಸೀಸಿಯಮ್ ಪರಮಾಣುವಿನ ಮಿಡಿತದಿಂದ ಕಾಲ ಎಣಿಸುವ ನಾಲ್ಕು ಗಡಿಯಾರಗಳನ್ನು ಸಾಮಾನ್ಯ ಪ್ರಯಾಣಿಕರ ವಿಮಾನಗಳಲ್ಲಿ ಹತ್ತಿಸಿ ಭೂಮಿಗೆ ಸುತ್ತು ಹಾಕಿಸಿದರು, ಒಮ್ಮೆ ಪೂರ್ವಕ್ಕೆ, ಒಮ್ಮೆ ಪಶ್ಚಿಮಕ್ಕೆ. ಮನೆಯಲ್ಲೇ ಉಳಿದ ಗಡಿಯಾರಗಳಿಗೆ ಹೋಲಿಸಿದರೆ ಪೂರ್ವಕ್ಕೆ ಹೋದವು ಸರಾಸರಿ 59 ನ್ಯಾನೊಸೆಕೆಂಡ್ ಹಿಂದೆ ಬಿದ್ದಿದ್ದವು. ಪಶ್ಚಿಮಕ್ಕೆ ಹೋದವು 273 ನ್ಯಾನೊಸೆಕೆಂಡ್ ಮುಂದಿದ್ದವು. ದಿಕ್ಕು ಬದಲಾದರೆ ಉತ್ತರ ಏಕೆ ಬದಲಾಯಿತು? ಭೂಮಿಯೇ ಪೂರ್ವಕ್ಕೆ ತಿರುಗುತ್ತಿರುವುದರಿಂದ ಪೂರ್ವಕ್ಕೆ ಹಾರುವ ವಿಮಾನದ ವೇಗ ಅದಕ್ಕೆ ಕೂಡುತ್ತದೆ, ಪಶ್ಚಿಮಕ್ಕೆ ಹಾರಿದರೆ ಕಳೆಯುತ್ತದೆ. ಇದಲ್ಲದೆ ಎತ್ತರದ ಪರಿಣಾಮವೂ ಉಂಟು, ಅದನ್ನು ಮುಂದೆ ಹೇಳುತ್ತೇನೆ. ನಿಮ್ಮ ವೆಸ್ಟರ್ನ್ ಲೈನ್ ದಕ್ಷಿಣೋತ್ತರವಾಗಿ ಹಾಸಿರುವುದರಿಂದ ಈ ತೊಡಕಿಲ್ಲ. ನಮ್ಮ ಕಲ್ಯಾಣ ಲೈನಿನವರಿಗೆ ಬೆಳಿಗ್ಗೆ ಬಂದದ್ದು ಸಂಜೆ ಹೋಗಿ ಸರಿಯಾಗುತ್ತದೆ.

ಮೊಮ್ಮಗನ ಮುಂದಿನ ಪ್ರಶ್ನೆ ಏನೆಂದು ಊಹಿಸಬಲ್ಲೆ: ‘ರೈಲಿನಿಂದ ನೋಡಿದರೆ ಅಜ್ಜನೇ ಓಡುತ್ತಿದ್ದಾರಲ್ಲ, ಅವರೇ ಏಕೆ ಚಿಕ್ಕವರಾಗಲಿಲ್ಲ?’ 1911ರಲ್ಲಿ ಫ್ರಾನ್ಸಿನ ಭೌತವಿಜ್ಞಾನಿ ಲಾಂಜವಾನ್ ಈ ಗಂಟನ್ನು ಬಿಡಿಸಿದರು. ಹೊರಟು, ನಿಂತು, ತಿರುಗಿ ಬಂದವರು ನೀವು. ಯಜಮಾನರು ಗಲ್ಲಾ ಬಿಟ್ಟು ಕದಲಲಿಲ್ಲ. ಇಬ್ಬರ ದಾರಿಗಳು ಒಂದೇ ಬಗೆಯವಲ್ಲ, ಆದ್ದರಿಂದ ಲೆಕ್ಕವೂ ಸಮ ಬರುವುದಿಲ್ಲ.

ಇಲ್ಲೇ ಒಂದು ಸಿಟ್ಟನ್ನು ಕಾರಿಕೊಂಡು ಬಿಡುತ್ತೇನೆ. ಸುಂದರಿಯ ಪಕ್ಕ ಕೂತರೆ ಗಂಟೆ ನಿಮಿಷದಂತೆ, ಬಿಸಿ ಒಲೆಯ ಮೇಲೆ ಕೂತರೆ ನಿಮಿಷ ಗಂಟೆಯಂತೆ, ಇದೇ ಸಾಪೇಕ್ಷತೆ ಎಂಬ ಚಟಾಕಿ ಐನ್‌ಸ್ಟೀನರ ಹೆಸರಿನಲ್ಲಿ ಓಡಾಡುತ್ತದೆ. ಸಭೆಗಳಲ್ಲಿ ಅದನ್ನು ಹೇಳದ ಭಾಷಣಕಾರರಿಲ್ಲ. ಮನಸ್ಸಿಗೆ ಹೊತ್ತು ಹೋಗುವುದು, ಹೋಗದಿರುವುದು ಬೇರೆ ವಿಷಯ. ಹೇಫೆಲೆಯವರ ಸೀಸಿಯಮ್ ಪರಮಾಣುಗಳಿಗೆ ಬೇಸರವೂ ಇಲ್ಲ, ಪ್ರೇಯಸಿಯೂ ಇಲ್ಲ. ಸಾಪೇಕ್ಷತೆ ಎಂದರೆ ‘ಅವರವರಿಗೆ ಕಂಡಂತೆ’ ಎಂದಲ್ಲ. ಗಡಿಯಾರಗಳು ಮತ್ತೆ ಒಂದೆಡೆ ಸೇರಿದಾಗ ವ್ಯತ್ಯಾಸ ಎಷ್ಟು ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯ ಇರುವುದಿಲ್ಲ.

ಪ್ರಶ್ನೆ: ‘ಈಗ’ ಎಂಬುದೇ ಇಲ್ಲವೆಂದು ಒಂದು ವಿಡಿಯೊದಲ್ಲಿ ಕೇಳಿದೆ. ನಾನು ಈಗ ಈ ಪ್ರಶ್ನೆ ಬರೆಯುತ್ತಿದ್ದೇನಲ್ಲ ಸರ್!
– ಸಯನ್‌ನ ಬಿ.ಎಸ್‌ಸಿ. ವಿದ್ಯಾರ್ಥಿ

ಉತ್ತರ: ನಿನ್ನ ‘ಈಗ’ ಇದೆಯಪ್ಪ, ನೀನು ಕೂತಲ್ಲಿ ಇದೆ. ಇಲ್ಲದಿರುವುದು ಇಡೀ ವಿಶ್ವಕ್ಕೆ ಹಾಸಿಕೊಂಡ ಒಂದೇ ‘ಈಗ’. ಆಧುನಿಕ ಭೌತಶಾಸ್ತ್ರ ಕಾಲದ ವಿಷಯದಲ್ಲಿ ನಮ್ಮಿಂದ ಕಿತ್ತುಕೊಂಡದ್ದರಲ್ಲಿ ಇದೇ ದೊಡ್ಡದು ಎಂದು ನನ್ನ ಅಭಿಪ್ರಾಯ. ಗಡಿಯಾರ ನಿಧಾನವಾಗುವುದಕ್ಕಿಂತ ದೊಡ್ಡದು. ಆದ್ದರಿಂದ ಸ್ವಲ್ಪ ನಿಧಾನವಾಗಿ ಓದು.

ಬಾಂದ್ರಾ ಬಿಟ್ಟು ಬೊರಿವಲಿಯ ಕಡೆ ಗಂಟೆಗೆ 100 ಕಿ.ಮೀ. ವೇಗದಲ್ಲಿ ಓಡುತ್ತಿರುವ ಹನ್ನೆರಡು ಡಬ್ಬಿಯ ಫಾಸ್ಟ್ ಲೋಕಲ್ ಒಂದಿದೆ. ಮುಂದೆ ಮೋಟರ್‌ಮನ್, ಹಿಂದೆ ಗಾರ್ಡ್. ಬಂಡಿಯ ನಟ್ಟನಡುವೆ ಒಂದು ದೀಪ ಫಕ್ಕನೆ ಹೊತ್ತಿಕೊಳ್ಳುತ್ತದೆ. ಒಳಗಿರುವವನಿಗೆ ದೀಪದಿಂದ ಎರಡು ತುದಿಗೂ ಸಮ ದೂರ, ಬೆಳಕಿಗೆ ಎರಡು ಕಡೆಗೂ ಒಂದೇ ವೇಗ. ಆದ್ದರಿಂದ ಇಬ್ಬರಿಗೂ ಬೆಳಕು ಏಕಕಾಲಕ್ಕೆ ತಲುಪಿತು ಎನ್ನುತ್ತಾನೆ. ಪ್ಲಾಟ್‌ಫಾರ್ಮಿನಲ್ಲಿ ನಿಂತವನಿಗೆ ಗಾರ್ಡ್ ಬೆಳಕಿನ ಎದುರಿಗೆ ಬರುತ್ತಿದ್ದಾನೆ, ಮೋಟರ್‌ಮನ್ ಬೆಳಕಿನಿಂದ ದೂರ ಓಡುತ್ತಿದ್ದಾನೆ. ಹಾಗಾಗಿ ಗಾರ್ಡಿಗೆ ಮೊದಲು, ಮೋಟರ್‌ಮನ್ನಿಗೆ ಆಮೇಲೆ ಎನ್ನುತ್ತಾನೆ. ಕಲ್ಲು ಎಸೆದಿದ್ದರೆ ಬಂಡಿಯ ವೇಗ ಕಲ್ಲಿಗೂ ಸೇರಿ ಇಬ್ಬರ ಮಾತೂ ಒಂದಾಗುತ್ತಿತ್ತು. ಬೆಳಕಿಗೆ ಬಂಡಿಯ ವೇಗ ಸೇರುವುದಿಲ್ಲ. ಅದು ಎಲ್ಲರಿಗೂ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಇಬ್ಬರಲ್ಲಿ ಯಾರು ತಪ್ಪು? ಯಾರೂ ಅಲ್ಲ. ದೂರ ದೂರದ ಎರಡು ಘಟನೆಗಳು ‘ಒಂದೇ ಹೊತ್ತಿಗೆ’ ಆದವೇ ಎಂಬುದಕ್ಕೆ ಎಲ್ಲರಿಗೂ ಸಲ್ಲುವ ಉತ್ತರವೇ ಇಲ್ಲ.

ಲೋಕಲ್‌ನಲ್ಲಿ ಈ ವ್ಯತ್ಯಾಸ ಸೆಕೆಂಡಿನ ಲಕ್ಷ ಕೋಟಿಯ ಒಂದು ಭಾಗದ ಹತ್ತನೇ ಒಂದು ಪಾಲೂ ಇಲ್ಲ. ಅದಕ್ಕೇ ಮನುಷ್ಯರಿಗೆ ಸಾವಿರಾರು ವರ್ಷ ಇದು ಹೊಳೆಯಲಿಲ್ಲ. ಆದರೆ ದೂರ ಹೆಚ್ಚಾದಷ್ಟೂ ವ್ಯತ್ಯಾಸ ಹಿಗ್ಗುತ್ತದೆ. ಇಂಗ್ಲೆಂಡಿನ ಭೌತವಿಜ್ಞಾನಿ ರೋಜರ್ ಪೆನ್‌ರೋಸ್ ಕೊಟ್ಟ ಉದಾಹರಣೆಯನ್ನು ಮರೀನ್ ಡ್ರೈವಿಗೆ ತರುತ್ತೇನೆ. ಕಟ್ಟೆಯ ಮೇಲೆ ಒಬ್ಬ ಕೂತಿದ್ದಾನೆ, ಅವನ ಮುಂದೆ ಇನ್ನೊಬ್ಬ ವಾಕಿಂಗ್ ಹೋಗುತ್ತಿದ್ದಾನೆ. ಆಂಡ್ರೊಮಿಡಾ ಗ್ಯಾಲಕ್ಸಿ 25 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿದೆ. ನಡೆಯುವವನು ಅದರ ದಿಕ್ಕಿಗೇ ಹೆಜ್ಜೆ ಹಾಕುತ್ತಿದ್ದರೆ ‘ಆಂಡ್ರೊಮಿಡಾದಲ್ಲಿ ಈಗ’ ಎಂದು ಅವನು ಲೆಕ್ಕ ಹಾಕುವ ಕ್ಷಣಕ್ಕೂ ಕೂತವನ ಕ್ಷಣಕ್ಕೂ ನಾಲ್ಕು ದಿನ ಅಂತರ. ಬರೀ ನಡಿಗೆಗೆ!

ಹಾಗಾದರೆ ಅಪ್ಪನಿಗಿಂತ ಮೊದಲು ಮಗ ಹುಟ್ಟಿದಂತೆ ಯಾರಿಗಾದರೂ ಕಂಡೀತೇ? ಇಲ್ಲ. ಒಂದು ಘಟನೆಯಿಂದ ಇನ್ನೊಂದಕ್ಕೆ ಬೆಳಕು ಹೋಗಿ ಮುಟ್ಟಲು ಸಾಧ್ಯವಿದ್ದರೆ ಅವುಗಳ ಹಿಂದು ಮುಂದು ಯಾರಿಗೂ ಬದಲಾಗುವುದಿಲ್ಲ. ಬೆಳಕೂ ಮುಟ್ಟಲಾಗದ ಜೋಡಿಗಳ ಕ್ರಮ ಮಾತ್ರ ನೋಡುವವನ ವೇಗದಿಂದ ಬದಲಾಗುತ್ತದೆ, ಅವುಗಳ ನಡುವೆ ಕಾರ್ಯಕಾರಣ ಸಂಬಂಧ ಇರಲಾರದು. 1908ರಲ್ಲಿ ಗಣಿತಜ್ಞ ಮಿಂಕೊವ್‌ಸ್ಕಿ ಕಲೋನ್ ನಗರದ ಭಾಷಣದಲ್ಲಿ ದೇಶ, ಕಾಲ ಎರಡನ್ನೂ ಕೂಡಿಸಿ ಒಂದೇ ಚೌಕಟ್ಟು ಕಟ್ಟಿದ ಮೇಲೆ ಇದೆಲ್ಲ ಸಲೀಸಾಯಿತು.

ನಿನ್ನ ವಿಡಿಯೊ ಇಲ್ಲಿಂದ ‘ಭೂತ, ಭವಿಷ್ಯ ಎಲ್ಲ ಈಗಾಗಲೇ ಇವೆ, ಕಾಲ ಮಾಯೆ’ ಎಂದು ಹಾರಿರುತ್ತದೆ. ‘ಭೂತ, ವರ್ತಮಾನ, ಭವಿಷ್ಯಗಳ ಭೇದ ಬರೀ ಭ್ರಮೆ’ ಎಂಬ ಐನ್‌ಸ್ಟೀನರ ಮಾತನ್ನೂ ಸಾಕ್ಷಿಗೆ ಕರೆದಿರುತ್ತದೆ. ಆ ಮಾತು ಬಂದದ್ದು 1955ರಲ್ಲಿ, ಜೀವದ ಗೆಳೆಯ ಬೆಸ್ಸೊ ತೀರಿಕೊಂಡಾಗ ಮನೆಯವರಿಗೆ ಬರೆದ ಸಾಂತ್ವನದ ಪತ್ರದಲ್ಲಿ. ಸಾವಿನ ಮನೆಗೆ ಬರೆದದ್ದನ್ನು ಪ್ರಮೇಯದಂತೆ ಓದಬಾರದು. ಸಮೀಕರಣಗಳು ಒಂದೇ ‘ಈಗ’ ಇಲ್ಲ ಎನ್ನುವಲ್ಲಿಗೆ ನಿಲ್ಲುತ್ತವೆ. ಮುಂದಿನದು ತತ್ತ್ವಶಾಸ್ತ್ರಜ್ಞರ ಜಗಳ, ಅದು ಇನ್ನೂ ಜೋರಾಗಿ ನಡೆದಿದೆ.

ಪ್ರಶ್ನೆ: ಮಗ ಠಾಣೆಯಲ್ಲಿ 31ನೇ ಮಹಡಿಯಲ್ಲಿ ಫ್ಲ್ಯಾಟ್ ಕೊಂಡಿದ್ದಾನೆ. ನಾವು ಹಳೆಯ ಚಾಳಿನ ನೆಲಮಹಡಿಯಲ್ಲೇ ಇದ್ದೇವೆ. ಎತ್ತರದಲ್ಲಿ ಕಾಲ ಬೇಗ ಓಡುತ್ತದೆ ಎಂದು ಎಲ್ಲೋ ಓದಿದೆ. ಇದರಿಂದ ಯಾರಿಗಾದರೂ ಉಪಯೋಗ ಉಂಟೇ?
– ಠಾಣೆಯ ಓದುಗರು

ಉತ್ತರ: ಓದಿದ್ದು ಸರಿ. 1915ರ ಸಾಮಾನ್ಯ ಸಾಪೇಕ್ಷತೆಯ ಪ್ರಕಾರ ಗುರುತ್ವದ ಆಳಕ್ಕೆ ಇಳಿದಷ್ಟೂ ಗಡಿಯಾರ ನಿಧಾನ. ಮಗನ ಮನೆ ನಿಮಗಿಂತ 100 ಮೀಟರ್ ಮೇಲಿದ್ದರೆ ಅವರು ವರ್ಷಕ್ಕೆ ಮೈಕ್ರೊಸೆಕೆಂಡಿನ (ಸೆಕೆಂಡಿನ ಹತ್ತು ಲಕ್ಷದ ಒಂದು ಹೋಳು) ಮೂರನೇ ಒಂದು ಭಾಗದಷ್ಟು ಹೆಚ್ಚು ಮುಪ್ಪಾಗುತ್ತಾರೆ. 1960ರ ಸುಮಾರಿಗೆ ಪೌಂಡ್ ಮತ್ತು ರೆಬ್ಕಾ ಹಾರ್ವರ್ಡ್‌ನ 22.5 ಮೀಟರ್ ಎತ್ತರದ ಗೋಪುರದಲ್ಲಿ ಗಾಮಾ ಕಿರಣ ಬಳಸಿ ಈ ಪರಿಣಾಮ ಹಿಡಿದರು. 2010ರಲ್ಲಿ ಅಮೆರಿಕದಲ್ಲಿ ಒಂದು ಪರಮಾಣು ಗಡಿಯಾರವನ್ನು ಇನ್ನೊಂದಕ್ಕಿಂತ 33 ಸೆಂಟಿಮೀಟರ್ ಎತ್ತರಿಸಿ, ಅಂದರೆ ಎರಡು ಮೆಟ್ಟಿಲಿನಷ್ಟು, ವ್ಯತ್ಯಾಸ ಕಂಡರು. 2022ರ ಹೊತ್ತಿಗೆ ಒಂದು ಮಿಲಿಮೀಟರಿಗೆ ಬಂದಿದ್ದರು.

ಉಪಯೋಗ ನಿಮ್ಮ ಮಗನ ಮೊಬೈಲಿನಲ್ಲೇ ಇದೆ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿವೆ. ಅಲ್ಲಿ ಗುರುತ್ವ ಕಡಿಮೆಯಾದ್ದರಿಂದ ಗಡಿಯಾರ ದಿನಕ್ಕೆ 45 ಮೈಕ್ರೊಸೆಕೆಂಡ್ ಮುಂದೆ ಓಡುತ್ತದೆ. ಉಪಗ್ರಹದ ವೇಗದಿಂದ 7 ಹಿಂದೆ ಬೀಳುತ್ತದೆ. ಉಳಿಯುವುದು 38. ಒಂದು ಮೈಕ್ರೊಸೆಕೆಂಡಿಗೆ ಬೆಳಕು 300 ಮೀಟರ್ ಹೋಗುತ್ತದೆ. ಹಾಗೇ ಬಿಟ್ಟರೆ ದೂರದ ಲೆಕ್ಕದಲ್ಲಿ ದಿನಕ್ಕೆ 11 ಕಿ.ಮೀ. ತಪ್ಪು ಸೇರುತ್ತಾ ಹೋಗುತ್ತದೆ. ಅದಕ್ಕಾಗಿ ಹಾರಿಸುವ ಮೊದಲೇ ಆ ಗಡಿಯಾರಗಳನ್ನು ಬೇಕೆಂದೇ ಕೊಂಚ ನಿಧಾನ ಓಡುವಂತೆ ಹೊಂದಿಸಿರುತ್ತಾರೆ. ಇದನ್ನು ರಾತ್ರಿಶಾಲೆಯಲ್ಲಿ ಹೇಳಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ, ಹೋಟೆಲಿನ ಕಪ್ಪು ಹಿಡಿದು ಹಿಡಿದು ಸುಕ್ಕಾದ ಬೆರಳನ್ನು ಎತ್ತಿ, ‘ನಮ್ಮ ಹೋಟೆಲಿನಲ್ಲಿಯೂ ಹಾಗೇ ಸರ್, ನಾವು ಬೇಗ ಏಳಲಿ ಎಂದು ಗಲ್ಲಾದ ಮೇಲಿನ ಗಡಿಯಾರವನ್ನು ಹತ್ತು ನಿಮಿಷ ಮುಂದಿಟ್ಟಿದ್ದಾರೆ’ ಎಂದ. ತರಗತಿ ನಕ್ಕಿತು. ಅವನ ಯಜಮಾನರು ಮುಂದಿಟ್ಟದ್ದು ಮುಳ್ಳನ್ನು, ಇವರು ಬದಲಿಸಿದ್ದು ಓಟವನ್ನು ಎಂದು ವಿವರಿಸಲು ನನಗೆ ಅದಕ್ಕಿಂತ ಒಳ್ಳೆಯ ಎಡೆ ಸಿಗುತ್ತಿರಲಿಲ್ಲ.

ಜಿಪಿಎಸ್‌ನಂತೆಯೇ ದಾರಿ ತೋರಿಸುವ ನಮ್ಮ ದೇಶದ ನಾವಿಕ್ ಉಪಗ್ರಹ ವ್ಯವಸ್ಥೆಗೆ ಪೆಟ್ಟು ಬಿದ್ದದ್ದೂ ಗಡಿಯಾರಗಳಿಂದಲೇ. ಮೊದಲ ಉಪಗ್ರಹಗಳಲ್ಲಿದ್ದ ಆಮದು ರುಬಿಡಿಯಮ್ ಗಡಿಯಾರಗಳಲ್ಲಿ ಹಲವು ಕೈಕೊಟ್ಟವು. 2023ರ ಮೇ 29ರಂದು ಹಾರಿದ ನಾವಿಕ್‌ನ ಎನ್‌ವಿಎಸ್-01 ಉಪಗ್ರಹದಲ್ಲಿ ಇಸ್ರೊ ಅಹಮದಾಬಾದಿನಲ್ಲಿ ತಾನೇ ತಯಾರಿಸಿದ ಗಡಿಯಾರ ಇತ್ತು.

ಅಂದಹಾಗೆ, ಮೇಲೆ ಹೋದವರೆಲ್ಲ ಬೇಗ ಮುಪ್ಪಾಗುತ್ತಾರೆ ಎಂದುಕೊಳ್ಳಬೇಡಿ. ಕಕ್ಷೆಯಲ್ಲಿ ಸುಮಾರು 3,200 ಕಿ.ಮೀ. ಎತ್ತರದವರೆಗೆ ವೇಗದ ಪರಿಣಾಮವೇ ಗೆಲ್ಲುತ್ತದೆ. 400 ಕಿ.ಮೀ. ಎತ್ತರದ ಬಾಹ್ಯಾಕಾಶ ನಿಲ್ದಾಣದಲ್ಲಿ 2025ರಲ್ಲಿ 18 ದಿನ ಇದ್ದು ಬಂದ ಶುಭಾಂಶು ಶುಕ್ಲಾ ನಮಗಿಂತ ಅರ್ಧ ಮಿಲಿಸೆಕೆಂಡಿಗೆ ತುಸು ಕಡಿಮೆಯಷ್ಟು ಕಾಲ ಉಳಿಸಿಕೊಂಡು ಬಂದರು.

ಪ್ರಶ್ನೆ: ಎಲ್ಲದರಲ್ಲೂ ಜರ್ಮನಿ, ಅಮೆರಿಕದ ಹೆಸರೇ. ಇದರಲ್ಲಿ ನಮ್ಮವರ ಪಾಲಿಲ್ಲವೇ?
– ಘಾಟ್‌ಕೋಪರ್‌ನ ಓದುಗರು

ಉತ್ತರ: ಇದೆ. ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಕಟ್ಟಿದ ಹೋಮಿ ಭಾಭಾ 1938ರಲ್ಲಿ ಕೇಂಬ್ರಿಜ್‌ನಿಂದ ‘ನೇಚರ್’ ಪತ್ರಿಕೆಗೆ ಒಂದು ಟಿಪ್ಪಣಿ ಬರೆದರು. ಬಾಹ್ಯಾಕಾಶದಿಂದ ಬಂದು ಬೀಳುವ ಕಾಸ್ಮಿಕ್ ಕಿರಣಗಳಲ್ಲಿ ಎಲೆಕ್ಟ್ರಾನಿಗಿಂತ ಭಾರದ ಕಣವೊಂದು ಸಿಕ್ಕಿದ್ದ ಹೊಸತು. ಆ ಕಣ ತಾನಾಗಿ ಒಡೆಯುವುದಾದರೆ ಅದನ್ನೇ ಒಂದು ಗಡಿಯಾರ ಎಂದುಕೊಳ್ಳಬಹುದು. ವೇಗವಾಗಿ ಓಡುವಾಗ ಅದರ ಆಯುಸ್ಸು ಹೆಚ್ಚಾಗಬೇಕು. ಐನ್‌ಸ್ಟೀನರನ್ನು ನೇರವಾಗಿ ಪರೀಕ್ಷಿಸಲು ಇದು ದಾರಿ ಎಂದು ಅವರು ಸೂಚಿಸಿದರು. ಇನ್ನೂ ಯಾರೂ ಅಳೆಯುವ ಮೊದಲೇ.

ಈ ಕಣವನ್ನು ಈಗ ಮ್ಯೂಆನ್ ಎನ್ನುತ್ತೇವೆ. ಸುಮ್ಮನಿದ್ದರೆ ಸರಾಸರಿ 2.2 ಮೈಕ್ರೊಸೆಕೆಂಡ್ ಬದುಕುತ್ತದೆ. ಬೆಳಕಿನ ವೇಗದಲ್ಲಿ ಓಡಿದರೂ ಅಷ್ಟರಲ್ಲಿ 660 ಮೀಟರ್ ದಾಟೀತು. ಅದು ಹುಟ್ಟುವುದು ನಮ್ಮ ತಲೆಯ ಮೇಲೆ ಸುಮಾರು 15 ಕಿ.ಮೀ. ಎತ್ತರದಲ್ಲಿ. ಹಳೆಯ ಲೆಕ್ಕದಲ್ಲಿ ನೆಲ ಮುಟ್ಟುವ ಮಾತೇ ಇಲ್ಲ. ಆದರೆ ಹೆಬ್ಬೆರಳಿನ ಉಗುರಿನಷ್ಟು ಜಾಗಕ್ಕೆ ನಿಮಿಷಕ್ಕೊಂದರಂತೆ ಬೀಳುತ್ತಲೇ ಇವೆ. ಈ ಪುಟ ಹಿಡಿದ ನಿಮ್ಮ ಕೈಯನ್ನು ಎಷ್ಟೋ ಈಗಾಗಲೇ ದಾಟಿವೆ. 1941ರಲ್ಲಿ ರಾಸಿ ಮತ್ತು ಹಾಲ್ ಕೊಲರಾಡೊದಲ್ಲಿ ಬೆಟ್ಟದ ಮೇಲೆ, ಕೆಳಗೆ ಎರಡೂ ಕಡೆ ಎಣಿಸಿ ಆಯುಸ್ಸು ಹಿಗ್ಗುವುದನ್ನು ತೋರಿಸಿದರು. 1977ರಲ್ಲಿ ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ ಬೆಳಕಿನ ವೇಗದ ಶೇ 99.94ರಷ್ಟು ವೇಗದಲ್ಲಿ ಸುತ್ತುತ್ತಿದ್ದ ಮ್ಯೂಆನ್‌ಗಳು 29 ಪಟ್ಟು ಹೆಚ್ಚು ಬದುಕಿದವು. ಸೂತ್ರ ಹೇಳಿದಷ್ಟೇ, ಕೂದಲೆಳೆಯೂ ಆಚೀಚೆ ಇಲ್ಲ.

ಕನ್ನಡಿಗರ ಹೆಸರೂ ಕೇಳಿದಂತೆಯೇ ನಿಮ್ಮ ಪ್ರಶ್ನೆ ಇರುವುದರಿಂದ ಹೇಳುತ್ತೇನೆ. ನಂಜನಗೂಡಿನಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲೇ ಭಾಭಾ ಕಟ್ಟಿದ ಟಾಟಾ ಸಂಸ್ಥೆಯಿಂದ ಹೊರಟು ಕೋಲಾರದ ಚಿನ್ನದ ಗಣಿಗೆ ಇಳಿದು, ಯಾವ ಆಳದವರೆಗೆ ಮ್ಯೂಆನ್‌ಗಳು ನುಗ್ಗುತ್ತವೆ ಎಂದು ಅಳೆದರು. 1965ರಲ್ಲಿ ಅದೇ ಗಣಿಯಲ್ಲಿ, ಎರಡು ಕಿ.ಮೀ. ಮೀರಿದ ಆಳದಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ, ಅಂದರೆ ಯಾವುದಕ್ಕೂ ಸುಲಭಕ್ಕೆ ತಗಲದೆ ತೂರಿಹೋಗುವ ಕಣಗಳ, ಸುಳಿವು ಸಿಕ್ಕಿತು. ಶ್ರೀಕಂಠನ್ 1975ರಿಂದ 1987ರವರೆಗೆ ಆ ಸಂಸ್ಥೆಯ ನಿರ್ದೇಶಕರಾಗಿದ್ದರು. ಚಿನ್ನ ತೆಗೆದವರ ಹೆಸರಷ್ಟೇ ಕೋಲಾರಕ್ಕೆ ಅಂಟಿರುವುದು ನನಗೆ ಸರಿಕಾಣದು.

ಪ್ರಶ್ನೆ: ರೈವತ ರಾಜ ಮಗಳು ರೇವತಿಗೆ ವರ ಕೇಳಲು ಬ್ರಹ್ಮಲೋಕಕ್ಕೆ ಹೋಗಿ ಬರುವಷ್ಟರಲ್ಲಿ ಭೂಮಿಯಲ್ಲಿ 27 ಚತುರ್ಯುಗ ಕಳೆದಿತ್ತು. ಐನ್‌ಸ್ಟೀನರಿಗಿಂತ ಮೊದಲೇ ನಮ್ಮವರಿಗೆ ಗೊತ್ತಿತ್ತು ಎಂದು ಒಪ್ಪಿಕೊಳ್ಳಲು ನಿಮಗೇಕೆ ಹಿಂಜರಿಕೆ?
– ಮಡಗಾಂವ್‌ನ ಓದುಗರು

ಉತ್ತರ: ಕಥೆ ನನಗೂ ಬಲು ಇಷ್ಟ. ಬ್ರಹ್ಮನ ಸಭೆಯಲ್ಲಿ ಹಾಡು ನಡೆದಿತ್ತು, ರಾಜ ಹಾಡು ಮುಗಿಯುವವರೆಗೆ ಕಾದ, ಅಷ್ಟರಲ್ಲಿ ಮನಸ್ಸಿನಲ್ಲಿದ್ದ ವರಗಳೆಲ್ಲ ಮಣ್ಣಾಗಿದ್ದರು. ಕೊನೆಗೆ ರೇವತಿಯನ್ನು ಬಲರಾಮನಿಗೆ ಕೊಟ್ಟಾಗ, ಹಳೆಯ ಯುಗದ ಅವಳು ತೀರ ಎತ್ತರವಾಗಿದ್ದಳೆಂದು ಅವನು ನೇಗಿಲಿನಿಂದ ತಗ್ಗಿಸಿಕೊಂಡ ಎಂಬ ವಿವರ ವಿಷ್ಣುಪುರಾಣದಲ್ಲಿದೆ. ಕಾಲ ಎಲ್ಲ ಕಡೆ ಒಂದೇ ಆಗಿರಬೇಕಿಲ್ಲ ಎಂದು ಕಲ್ಪಿಸಲು ಗಟ್ಟಿ ಎದೆ ಬೇಕು, ನ್ಯೂಟನ್ನರಿಗೂ ಇರಲಿಲ್ಲ. ಆದರೆ ಎಷ್ಟು ವೇಗಕ್ಕೆ ಎಷ್ಟು ವ್ಯತ್ಯಾಸ ಎಂದು ಕಥೆ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಸರ್ನ್‌ನಲ್ಲಿ 29 ಪಟ್ಟಿನ ಬದಲು 20 ಪಟ್ಟು ಬಂದಿದ್ದರೆ ಐನ್‌ಸ್ಟೀನರನ್ನು ಕೈಬಿಡಬೇಕಾಗುತ್ತಿತ್ತು. 27ರ ಬದಲು 28 ಚತುರ್ಯುಗ ಎಂದಿದ್ದರೆ ಪುರಾಣಕ್ಕೆ ಏನೂ ಆಗುತ್ತಿರಲಿಲ್ಲ. ಕಥೆ ಕಟ್ಟಿದವರ ಧೈರ್ಯಕ್ಕೆ ಹೆಮ್ಮೆಪಡೋಣ, ಪ್ರಯೋಗದ ಪಟ್ಟವನ್ನು ಅವರ ತಲೆಗೆ ಕಟ್ಟುವುದು ಬೇಡ.

ಪ್ರಶ್ನೆ: ನಲವತ್ತು ವರ್ಷದಿಂದ ಅಡುಗೆ ಕೆಲಸ ನನ್ನದು. ನಿಮ್ಮ ಸೂತ್ರಗಳಲ್ಲಿ ಕಾಲ ಹಿಂದಕ್ಕೂ ಓಡಬಹುದಂತೆ. ಹಾಗಿದ್ದರೆ ಸಾಂಬಾರಿಗೆ ಬಿದ್ದ ಉಪ್ಪು ಒಂದು ಸಲವಾದರೂ ತಿರುಗಿ ಏಕೆ ಬರುವುದಿಲ್ಲ?
– ಚೆಂಬೂರಿನ ಭಟ್ಟರು

ಉತ್ತರ: ಭಟ್ಟರೇ, ಸಾಪೇಕ್ಷತೆಯ ಸದ್ದಿನಲ್ಲಿ ಎಲ್ಲರೂ ಮರೆಯುವ ಪ್ರಶ್ನೆಯನ್ನು ನೀವು ಹಿಡಿದಿದ್ದೀರಿ. ಒಂದೊಂದು ಕಣದ ಓಡಾಟವನ್ನು ಹಿಂದುಮುಂದಾಗಿ ನಡೆಸಿದರೂ ನಿಯಮಗಳಿಗೆ ಭಂಗವಿಲ್ಲ ಎಂಬುದು ಬಹುಮಟ್ಟಿಗೆ ನಿಜ. ಉಪ್ಪು ಹರಳಾಗಿ ಚಮಚಕ್ಕೆ ಮರಳಬಾರದು ಎಂಬ ಕಾನೂನು ಎಲ್ಲೂ ಬರೆದಿಲ್ಲ. 1870ರ ದಶಕದಲ್ಲಿ ವಿಯೆನ್ನಾದ ಬೋಲ್ಟ್ಸ್‌ಮನ್ ಇದಕ್ಕೆ ಎಣಿಕೆಯ ಉತ್ತರ ಕೊಟ್ಟರು. ಉಪ್ಪು ಹರಳಾಗಿ ಒಂದೆಡೆ ಇರಲು ಇರುವ ಬಗೆಗಳು ಕೆಲವು. ಪಾತ್ರೆಯ ತುಂಬ ಹರಡಿಕೊಂಡಿರಲು ಇರುವ ಬಗೆಗಳು ಎಣಿಸಿ ಮುಗಿಯದಷ್ಟು. ಕಣಗಳು ಕುರುಡಾಗಿ ಅಲೆದಾಡುತ್ತಾ ಹೆಚ್ಚು ಬಗೆಗಳಿರುವ ಕಡೆಗೇ ಹೋಗುತ್ತವೆ, ಅಷ್ಟೆ. ತಿರುಗಿ ಬರುವ ಸಂಭವ ಸೊನ್ನೆಯಲ್ಲ, ಆದರೆ ವಿಶ್ವದ ವಯಸ್ಸು ಪೂರ್ತಿ ಕಾದರೂ ಸಾಲದು. ಬಟಾಟೆ ಹಾಕಿ ಎನ್ನುವವರು ಉಪ್ಪನ್ನು ತೆಗೆಯುವುದಿಲ್ಲ, ಪಾಲು ಹಂಚುತ್ತಾರೆ. ಬೋಲ್ಟ್ಸ್‌ಮನ್ನರ ಸಮಾಧಿಯ ಮೇಲೆ ಈ ಬಗೆಗಳ ಎಣಿಕೆಯ ಸೂತ್ರವನ್ನೇ ಕೆತ್ತಿದ್ದಾರೆ.

ಆದರೆ ಇದು ಪೂರ್ತಿ ಉತ್ತರವಲ್ಲ. ಅಸ್ತವ್ಯಸ್ತತೆ ಹೆಚ್ಚುತ್ತಾ ಹೋಗಬೇಕಾದರೆ ಮೊದಲು ಕಡಿಮೆ ಇದ್ದಿರಬೇಕು. ವಿಶ್ವ ಅಷ್ಟು ಅಚ್ಚುಕಟ್ಟಾಗಿ ಏಕೆ ಶುರುವಾಯಿತು ಎಂಬುದಕ್ಕೆ ಎಲ್ಲರೂ ಒಪ್ಪುವ ವಿವರಣೆ ಇವತ್ತಿಗೂ ಇಲ್ಲ. ನಿಮ್ಮ ಸಾಂಬಾರಿನ ಪ್ರಶ್ನೆ ಹೋಗಿ ನಿಲ್ಲುವುದು ಮಹಾಸ್ಫೋಟದ ಬಾಗಿಲಲ್ಲಿ.

ಪ್ರಶ್ನೆ: ಕಾಲಯಾನ ಸಾಧ್ಯವೇ?
– ಪಣಜಿ, ವಸಯಿ, ಕುರ್ಲಾ ಮತ್ತಿತರ ಕಡೆಯ ಹಲವು ಓದುಗರು

ಉತ್ತರ: ಮುಂದಕ್ಕೆ ಸಾಧ್ಯ, ವಿರಾರ್‌ನ ಅಜ್ಜಿ ಮಾಡಿ ತೋರಿಸಿದ್ದಾರೆ. ಹಿಂದಕ್ಕೆ ಹೋಗುವ ದಾರಿಯುಳ್ಳ ವಿಶ್ವವೊಂದನ್ನು 1949ರಲ್ಲಿ ಗಣಿತಜ್ಞ ಗೋಡೆಲ್ ಐನ್‌ಸ್ಟೀನರ ಸಮೀಕರಣಗಳಿಂದಲೇ ತೆಗೆದರು. ಆ ವಿಶ್ವ ಇಡಿಯಾಗಿ ಗಿರಗಿರ ತಿರುಗುತ್ತದೆ, ನಮ್ಮದು ಹಾಗೆ ತಿರುಗುವುದು ಕಂಡಿಲ್ಲ.

ಪ್ರಶ್ನೆ: ವಿಜ್ಞಾನ ದಿನಕ್ಕೆ ಖೋಡದ್‌ನ ರೇಡಿಯೊ ದೂರದರ್ಶಕ ನೋಡಲು ಹೋಗಿದ್ದೆವು. ಅಲ್ಲಿ ನಕ್ಷತ್ರಗಳನ್ನೇ ಗಡಿಯಾರ ಮಾಡಿಕೊಂಡಿದ್ದೇವೆ ಎಂದರು. ಹಾಗಾದರೆ ಕೇಳುತ್ತೇನೆ, ಮಹಾಸ್ಫೋಟಕ್ಕೆ ಮೊದಲು ಗಡಿಯಾರವೇ ಇಲ್ಲದಾಗ ಕಾಲ ಇತ್ತೇ?
– ಪುಣೆಯ ಓದುಗರು

ಉತ್ತರ: ಖೋಡದ್‌ನಲ್ಲಿ 45 ಮೀಟರ್ ಅಗಲದ 30 ತಟ್ಟೆಗಳು ಆಲಿಸುವುದರಲ್ಲಿ ಪಲ್ಸಾರ್‌ಗಳೂ ಸೇರಿವೆ. ಇವು ಗಿರಗಿರ ತಿರುಗುತ್ತಾ ಕರಾರುವಾಕ್ಕಾಗಿ ಮಿಡಿಯುವ ಸತ್ತ ನಕ್ಷತ್ರಗಳು. ಮಿಡಿತಗಳು ಒಂದಿಷ್ಟು ಬೇಗ, ಒಂದಿಷ್ಟು ತಡವಾಗಿ ಬರುವುದನ್ನು ವರ್ಷಗಟ್ಟಲೆ ಬರೆದಿಟ್ಟು, ದೇಶಕಾಲವನ್ನೇ ಅಲುಗಿಸುವ ಮಂದಗತಿಯ ಗುರುತ್ವದ ಅಲೆಗಳ ಸುಳಿವು ಸಿಕ್ಕಿದೆಯೆಂದು 2023ರ ಜೂನ್‌ನಲ್ಲಿ ಯುರೋಪಿನವರ ಜೊತೆ ಭಾರತದ ತಂಡವೂ ಪ್ರಕಟಿಸಿತು. ಆ ತಂಡ ಬಳಸಿದ್ದು ನೀವು ನೋಡಿ ಬಂದ ಅದೇ ತಟ್ಟೆಗಳನ್ನು.

ಇನ್ನು ಮಹಾಸ್ಫೋಟದ ಮಾತು. ಸಾಮಾನ್ಯ ಸಾಪೇಕ್ಷತೆಯ ಸಮೀಕರಣಗಳನ್ನು ಹಿಡಿದು ಹಿಂದಕ್ಕೆ ಹೋದರೆ ಒಂದು ಹಂತದಲ್ಲಿ ಅವು ಕುಸಿಯುತ್ತವೆ. ಅದರೊಳಗೆ ‘ಅದಕ್ಕೆ ಮೊದಲು’ ಎಂಬುದಕ್ಕೆ ಅರ್ಥವಿಲ್ಲ. ಗುರುತ್ವಕ್ಕೆ ಪರಮಾಣು ಲೋಕದ ಕ್ವಾಂಟಮ್ ನಿಯಮಗಳನ್ನು ಹಚ್ಚಿ 1967ರಲ್ಲಿ ಬ್ರೈಸ್ ಡಿವಿಟ್ ಪ್ರಕಟಿಸಿದ ಸಮೀಕರಣದಲ್ಲಿ ಕಾಲವನ್ನು ಸೂಚಿಸುವ ಅಕ್ಷರವೇ ಇಲ್ಲ. ಮಹಾರಾಷ್ಟ್ರದ ಶಿರಪುರದಲ್ಲಿ ಹುಟ್ಟಿದ ಅಭಯ ಅಷ್ಟೇಕರ್ 1986ರಲ್ಲಿ ಹೀಗೆ ಗುರುತ್ವಕ್ಕೆ ಕ್ವಾಂಟಮ್ ನಿಯಮ ಹಚ್ಚಲು ಹೊಸ ದಾರಿ ತೆರೆದರು. 2006ರಲ್ಲಿ ಅವರೂ ಸಹೋದ್ಯೋಗಿಗಳೂ ಇಡೀ ವಿಶ್ವದ ಒಂದು ಸರಳ ಮಾದರಿಯನ್ನು ಹಿಂದಕ್ಕೆ ಓಡಿಸಿ ನೋಡಿದಾಗ ಅದು ಕುಸಿಯದೆ, ಕುಗ್ಗಿ ಪುಟಿದೇಳುವುದು ಕಂಡಿತು. ಸಮೀಕರಣದಲ್ಲಿ ಕಾಲವೇ ಇಲ್ಲದಿದ್ದರೆ ‘ಹಿಂದಕ್ಕೆ’ ಎಂದರೇನು? ಅದಕ್ಕಾಗಿ ವಿಶ್ವದ ತುಂಬ ಹರಡಿಕೊಂಡ, ಭೌತಶಾಸ್ತ್ರದಲ್ಲಿ ಕ್ಷೇತ್ರ ಎನ್ನುವ ಒಂದು ಪರಿಮಾಣವನ್ನೇ ಗಡಿಯಾರವೆಂದು ಇಟ್ಟುಕೊಂಡು, ಅದರ ಬೆಲೆ ಇಷ್ಟಿದ್ದಾಗ ವಿಶ್ವದ ಗಾತ್ರ ಎಷ್ಟು ಎಂದು ಲೆಕ್ಕ ಹಾಕಿದರು. ನಿಮ್ಮ ಪ್ರಶ್ನೆಗೆ ಸದ್ಯಕ್ಕೆ ಇರುವ ಅತ್ಯಂತ ಹತ್ತಿರದ ಉತ್ತರ ಇದು. ಮ್ಯೂಆನ್‌ಗಳ ಹಾಗೆ ಅಳೆದು ತೀರ್ಮಾನಿಸಬಹುದಾದ ಸಂಖ್ಯೆ ಮಾತ್ರ ಇನ್ನೂ ಹೊರಬಿದ್ದಿಲ್ಲ, ಹಾಗಾಗಿ ನಾನು ಇದನ್ನು ರೈವತನ ಕಥೆಗಿಂತ ಮೇಲೆ, ಹೇಫೆಲೆಯವರ ಗಡಿಯಾರಕ್ಕಿಂತ ಕೆಳಗೆ ಇಡುತ್ತೇನೆ. ನೀವು ಪುಣೆಯಲ್ಲೇ ಇದ್ದೀರಿ. ಜಯಂತ ನಾರ್ಳೀಕರ್ ಕಟ್ಟಿದ ಖಗೋಳ ಸಂಶೋಧನಾ ಕೇಂದ್ರ ಅಯುಕಾ ಅಲ್ಲೇ ಗಣೇಶಖಿಂಡದ ವಿಶ್ವವಿದ್ಯಾಲಯದ ಆವರಣದಲ್ಲಿದೆ, ಸಾರ್ವಜನಿಕ ಉಪನ್ಯಾಸಗಳೂ ನಡೆಯುತ್ತವೆ. ಹೋಗಿ, ಇದನ್ನೇ ಕೇಳಿ, ಏನು ಹೇಳಿದರೆಂದು ನನಗೂ ಬರೆಯಿರಿ.